ಹೆಸರಿಡುವ ಮೊದಲು ಎರಡು ಪುಟ ಓದಿ

ಇಂಟರ್‌ನ್ಯಾಷನಲ್ ಸಿಟಿ, ದುಬೈ

ಶನಿವಾರದ ಕನ್ನಡ ಪಾಠಕ್ಕೆ ಮಕ್ಕಳನ್ನು ಕಳಿಸುವ ಎಲ್ಲ ಅಪ್ಪ ಅಮ್ಮಂದಿರಿಗೆ, ಫ್ರಾನ್ಸ್ ಕ್ಲಸ್ಟರಿನ ಎರಡನೇ ಮಹಡಿಯಿಂದ ನಮಸ್ಕಾರ.

ಬುಧವಾರ ರಾತ್ರಿ ನಮ್ಮ ವಾಟ್ಸ್‌ಆಪ್ ಗುಂಪಿನಲ್ಲಿ ಒಬ್ಬರು ಸುಮ್ಮನೆ ಒಂದು ಮಾತು ಎಸೆದರು: ನಮ್ಮ ಪಾಠಕ್ಕೆ ಒಂದು ಹೆಸರು ಬೇಡವೇ? ಗುರುವಾರ ಬೆಳಿಗ್ಗೆ ಮಗನ ಟಿಫಿನ್ ಕಟ್ಟಿ ಫೋನ್ ಎತ್ತಿ ನೋಡಿದರೆ 140 ಮೆಸೇಜು. ಶಿವಮೊಗ್ಗದವರು ಕುವೆಂಪು ಅಂದಿದ್ದಾರೆ. ಧಾರವಾಡದವರು ಬೇಂದ್ರೆ ಅನ್ನದೆ ಇರುತ್ತಾರೆಯೇ, ಅಂದಿದ್ದಾರೆ. ಬೀದರಿನ ಅಣ್ಣ ಬಸವಣ್ಣ ಅಂದರು. ಇಬ್ಬರು ಹುಡುಗರು (ಮಕ್ಕಳಲ್ಲ, ಮಕ್ಕಳ ಅಪ್ಪಂದಿರು) ಪುನೀತ್ ರಾಜ್‌ಕುಮಾರ್ ಹೆಸರಿಡೋಣ ಎಂದು ಮೂರು ಮೂರು ಸಲ ಹೃದಯದ ಚಿತ್ರ ಹಾಕಿದರು. ಕುರ್ಚಿ ಕೊಡಿಸಿದವರ ತಾಯಿಯ ಹೆಸರಾದರೆ ಹೇಗೆ ಎಂದು ಇನ್ನೊಬ್ಬರು. ‘ಹೆಸರೇ ಬೇಡ, ಇದ್ದ ಹಾಗೆ ಇರಲಿ’ ಎಂದವರು ಒಬ್ಬರೇ. ಅವರಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಾನು ಗೋವಿಂದ ಪೈ ಎಂದು ಬರೆದೆ. ಅದಕ್ಕೆ ಬಂದದ್ದು ಒಂದೇ ಉತ್ತರ: ‘ಯಾರು?’ ಆ ಪ್ರಶ್ನೆಗೆ ಫೋನಿನ ಮೇಲೆ ಹೆಬ್ಬೆರಳು ಒತ್ತಿ ಒತ್ತಿ ಉತ್ತರ ಬರೆಯುವುದು ನನ್ನಿಂದಾಗದು. ಅದಕ್ಕೇ ಈ ಕಾಗದ.

ಮೊದಲು ನಮ್ಮ ‘ಶಾಲೆ’ ಏನೆಂದು ನಮಗೆ ನಾವೇ ನೆನಪು ಮಾಡಿಕೊಳ್ಳೋಣ. ಒಂದು ಬೆಡ್‌ರೂಮಿನ ಮನೆಯ ಹಾಲು. ಸೋಫಾವನ್ನು ಗೋಡೆಗೆ ತಳ್ಳಿದರೆ 14 ಮಕ್ಕಳು ಕೂರುತ್ತಾರೆ, ಒತ್ತರಿಸಿದರೆ 17. ಮೊದಲು ಶುಕ್ರವಾರ ಬೆಳಿಗ್ಗೆ ಇತ್ತು. 2022ರ ಜನವರಿಯಲ್ಲಿ ಈ ದೇಶದ ವಾರದ ರಜೆ ಶನಿವಾರ, ಭಾನುವಾರಕ್ಕೆ ಬದಲಾದಾಗ ನಾವೂ ಶನಿವಾರಕ್ಕೆ ಹೋದೆವು. ಫೀಸಿಲ್ಲ, ಹಾಜರಿ ಪುಸ್ತಕವಿಲ್ಲ. ಬಾಗಿಲ ಹೊರಗೆ ರಾಶಿ ಬಿದ್ದ ಚಪ್ಪಲಿಗಳೇ ಹಾಜರಿ. ಬೋರ್ಡಿನ ಮಾತಂತೂ ಇಲ್ಲವೇ ಇಲ್ಲ. ಅಂದಮೇಲೆ ನಾವು ಇಡುವ ಹೆಸರು ಕಾಣುವುದು ಎರಡೇ ಕಡೆ: ವಾಟ್ಸ್‌ಆಪ್ ಗುಂಪಿನ ನೆತ್ತಿಯ ಮೇಲೆ, ಮತ್ತೆ ಮಕ್ಕಳ ನೋಟ್‌ಬುಕ್ಕಿನ ಲೇಬಲ್ಲಿನಲ್ಲಿ. ಇಷ್ಟು ಸಣ್ಣ ಜಾಗಕ್ಕೆ ಇಷ್ಟು ದೊಡ್ಡ ಜಗಳ ನಡೆದದ್ದು ಕಂಡು ನನಗೆ ಬೇಸರವಾಗಲಿಲ್ಲ, ಖುಷಿಯೇ ಆಯಿತು. ಹೋಮ್‌ವರ್ಕಿನ ಬಗ್ಗೆ ನಾನು ಹಾಕಿದ ಮೆಸೇಜಿಗೆ ಎರಡು ಹೆಬ್ಬೆರಳಿನ ಚಿತ್ರಕ್ಕಿಂತ ಹೆಚ್ಚು ಯಾವತ್ತೂ ಬಂದದ್ದಿಲ್ಲ.

ಹೆಸರಿನ ವಿಷಯದಲ್ಲಿ ನಾವಿರುವ ಊರೇ ಒಂದು ತಮಾಷೆ. ನಖೀಲ್ ಕಂಪನಿ ಇದನ್ನು ಕಟ್ಟಿದಾಗ ಒಂದೊಂದು ಗುಂಪು ಕಟ್ಟಡಕ್ಕೆ ಒಂದೊಂದು ದೇಶದ ಹೆಸರು ಕೊಟ್ಟಿತು: ಚೀನಾ, ಇಂಗ್ಲೆಂಡ್, ಫ್ರಾನ್ಸ್, ಗ್ರೀಸ್, ಇಟಲಿ, ಮೊರಾಕೊ, ಪರ್ಷಿಯಾ, ರಷ್ಯಾ, ಸ್ಪೇನ್, ಎಮಿರೇಟ್ಸ್. ಹೊರಗೋಡೆಯ ಗಾರೆಯಲ್ಲಿ ಆ ದೇಶದ ಛಾಯೆ ಒಂದಿಷ್ಟು. ಒಳಗೆ ಹೋದರೆ ಎಲ್ಲ ದೇಶವೂ ಒಂದೇ ಸ್ಟುಡಿಯೊ, ಒಂದೇ ಅಡುಗೆಮನೆ. ನಮ್ಮ ಫ್ರಾನ್ಸಿನ ಕೆಳಗಡೆ ತಂದೂರ್ ರೊಟ್ಟಿಯ ಪಠಾಣರ ಅಂಗಡಿ, ಪಕ್ಕದಲ್ಲಿ ಮಲಯಾಳಿಯ ಗ್ರೋಸರಿ, ಮೇಲಿನ ಮಹಡಿಯಲ್ಲಿ ಫಿಲಿಪೀನ್ಸಿನ ನರ್ಸುಗಳು. ಫ್ರೆಂಚರನ್ನು ನಾನಿನ್ನೂ ಕಂಡಿಲ್ಲ. ನನ್ನ ಮಗ ನಾಲ್ಕು ವರ್ಷದವನಿದ್ದಾಗ ಉಪ್ಪಳದ ಅಜ್ಜಿಗೆ ಫೋನಿನಲ್ಲಿ, ‘ನಾವು ಫ್ರಾನ್ಸಲ್ಲಿ ಇರುವುದು ಅಜ್ಜೀ, ನನ್ನ ಫ್ರೆಂಡ್ ಚೀನಾದಿಂದ ಆಡಲಿಕ್ಕೆ ಬರ್ತಾನೆ’ ಅಂದ. ಅಜ್ಜಿ ಅದನ್ನು ನೆರೆಮನೆಗೆ ಹೇಳಿದರು. ಅಳಿಯನನ್ನು ಕಂಪನಿಯವರು ಫ್ರಾನ್ಸಿಗೆ ವರ್ಗ ಮಾಡಿದರಂತೆ ಎಂಬ ಸುದ್ದಿ ಸಂಜೆಯೊಳಗೆ ನಯಾಬಜಾರ್ ಮುಟ್ಟಿತ್ತು.

ಹೆಸರಿಗಷ್ಟೇ ಫ್ರಾನ್ಸ್. ನಮ್ಮ ಭಾಷೆಯಲ್ಲಿ ಹೆಸರನ್ನು ಇದಕ್ಕಿಂತ ಕೆಳಗೆ ಇಳಿಸುವ ಮಾತು ಇನ್ನೊಂದಿಲ್ಲ. ಹೆಸರಿಗಷ್ಟೇ ಗಂಡ, ಹೆಸರಿಗಷ್ಟೇ ಸಂಬಳ, ಹೆಸರಿಗಷ್ಟೇ ಶಾಲೆ. 2029ಕ್ಕೆ ಬರಲಿರುವ ನೀಲಿ ಮಾರ್ಗದ ಮೆಟ್ರೋ ನಮ್ಮಲ್ಲಿ ಮೂರು ಕಡೆ ನಿಲ್ಲುತ್ತದೆ. ಆ ನಿಲ್ದಾಣಗಳಿಗೆ ಇಂಟರ್‌ನ್ಯಾಷನಲ್ ಸಿಟಿ 1, 2, 3 ಎಂದೇ ಹೆಸರು. ಹಳೆಯ ಮಾರ್ಗಗಳಲ್ಲಿ ನಿಲ್ದಾಣದ ಹೆಸರನ್ನು ಕಂಪನಿಗಳು ದುಡ್ಡು ಕೊಟ್ಟು ತೆಗೆದುಕೊಳ್ಳುತ್ತವೆ; ರಶೀದಿಯಾ ಈಗ ಸೆಂಟರ್‌ಪಾಯಿಂಟ್. ಇದರಲ್ಲಿ ತಪ್ಪೇನೂ ಇಲ್ಲ, ಊರು ನಡೆಯಬೇಕಲ್ಲ. ಆದರೆ ನಮ್ಮ ಮಕ್ಕಳು ನೋಡಿ ಬೆಳೆಯುತ್ತಿರುವ ಹೆಸರುಗಳು ಇವು: ಗಾರೆಯದ್ದು, ನಂಬರಿನದ್ದು, ಬಾಡಿಗೆಯದ್ದು. ಹೆಸರಿನ ಹಿಂದೆ ಒಬ್ಬ ಮನುಷ್ಯನಿರಬಹುದು, ಅವನನ್ನು ಮಾತಾಡಿಸಬಹುದು, ಅವನ ಹತ್ತಿರ ಜಗಳವನ್ನೂ ಆಡಬಹುದು ಎಂದು ಇವರಿಗೆ ಯಾರು ಹೇಳಿಕೊಡುತ್ತಾರೆ?

ನನಗೂ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಓದಿದ್ದು ಮಂಜೇಶ್ವರದ ಸರಕಾರಿ ಕಾಲೇಜಿನಲ್ಲಿ. ಬಸ್ಸಿನ ಕಂಡಕ್ಟರ್, ಮನೆಯಲ್ಲಿ ಅಪ್ಪ, ನಾವು ಗೆಳತಿಯರು, ಎಲ್ಲರ ಬಾಯಲ್ಲೂ ಅದು ಜಿಪಿಎಂ. ಮೂರು ವರ್ಷ ಆ ಮೂರಕ್ಷರ ಹೇಳಿಕೊಂಡು ಓಡಾಡಿದೆ. ಆಮೇಲೆ ಮದುವೆ, ವೀಸಾ, ದುಬೈ. ಇಲ್ಲಿ ಒಂದು ಕೆಲಸಕ್ಕೆ ಅರ್ಜಿ ಹಾಕುವುದಕ್ಕೆ ದೇರಾದ ಟೈಪಿಂಗ್ ಸೆಂಟರಿಗೆ ಹೋದೆ. ಕಂಪ್ಯೂಟರಿನ ಮುಂದೆ ಕೂತವರು ಕಣ್ಣೂರಿನ ಕಡೆಯ ಒಬ್ಬ ಹಿರಿಯರು. ಫಾರ್ಮಿನಲ್ಲಿ ಕಾಲೇಜಿನ ಪೂರ್ತಿ ಹೆಸರು ಬೇಕು, ಜಿಪಿಎಂ ಅಂದರೇನು ಅಂದರು. ಗೋವಿಂದ ಪೈ ಮೆಮೋರಿಯಲ್ ಅಂದೆ. ಅವರು ಟೈಪ್ ಮಾಡುತ್ತಾ ಮಲಯಾಳದಲ್ಲಿ ಕೇಳಿದರು, ಯಾರು ಈ ಪೈ, ಬ್ಯಾಂಕ್ ಕಟ್ಟಿದ ಪೈಗಳಾ? ‘ಅಲ್ಲ, ಕವಿ’ ಅಂದೆ. ಏನು ಬರೆದಿದ್ದಾರೆ ಅಂದರು. ನಾನು ಕೌಂಟರಿನ ಮೇಲಿದ್ದ ಸ್ಟೇಪ್ಲರ್ ನೋಡುತ್ತಾ ನಿಂತೆ. ಅವರೇನೂ ನನ್ನನ್ನು ಪರೀಕ್ಷೆ ಮಾಡಲು ಕೇಳಿದ್ದಲ್ಲ, ಪ್ರಿಂಟ್ ಬರುವವರೆಗೆ ಹೊತ್ತು ಕಳೆಯಲು ಕೇಳಿದ್ದು. 15 ದಿರ್ಹಂ ಕೊಟ್ಟು ಹೊರಗೆ ಬಂದೆ. ಕಾಲೇಜಿನ ತಪ್ಪು ಒಂದಿಷ್ಟೂ ಇಲ್ಲ, ತಪ್ಪು ನನ್ನದು. ಆದರೂ ಅವತ್ತು ನನ್ನ ಬೆನ್ನ ಮೇಲೆ ಎಷ್ಟೋ ವರ್ಷದಿಂದ ಯಾರೋ ಒಬ್ಬರ ಹೆಸರು ಅಂಟಿಕೊಂಡಿದ್ದು, ನಾನು ಒಮ್ಮೆಯೂ ತಿರುಗಿ ನೋಡಿರಲಿಲ್ಲ ಎಂದು ಅನ್ನಿಸಿತು.

ಮುಂದಿನ ರಜೆಯಲ್ಲಿ ಊರಿಗೆ ಹೋದಾಗ ಅಣ್ಣನ ಹತ್ತಿರ ಹೇಳಿ ಪುಸ್ತಕ ತರಿಸಿದೆ. ಈಗ ಆ ‘ಯಾರು?’ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತೇನೆ, ಕೇಳಿ.

ಮಂಜೇಶ್ವರ ಗೋವಿಂದ ಪೈಗಳು ಹುಟ್ಟಿದ್ದು 1883ರ ಮಾರ್ಚ್ 23ರಂದು. ಮನೆಯ ಮಾತು ಕೊಂಕಣಿ, ಊರಿನ ಮಾತು ತುಳು, ಬರೆದದ್ದು ಕನ್ನಡ; ಕಲಿತ ಭಾಷೆಗಳನ್ನು ಎಣಿಸಲು ಕೈಬೆರಳು ಸಾಲದು. ಬಿ.ಎ. ಓದಲು ಮದ್ರಾಸಿಗೆ ಹೋದವರು ಅದನ್ನು ಮುಗಿಸದೆ ಮನೆಗೆ ಬಂದರು. ಮೊದಲ ಕವನ ಸಂಕಲನ ‘ಗಿಳಿವಿಂಡು’ ಬಂದದ್ದು 1930ರಲ್ಲಿ. ಕ್ರಿಸ್ತನ ಕೊನೆಯ ದಿನದ ಮೇಲೆ ‘ಗೊಲ್ಗೊಥಾ’, ಬುದ್ಧನ ಕೊನೆಯ ದಿನಗಳ ಮೇಲೆ ‘ವೈಶಾಖಿ’ ಬರೆದರು. 1949ರಲ್ಲಿ ಮದ್ರಾಸ್ ಸರಕಾರ ಅವರನ್ನು ರಾಷ್ಟ್ರಕವಿ ಎಂದು ಕರೆಯಿತು. 1951ರಲ್ಲಿ ಮುಂಬಯಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅವರೇ ಅಧ್ಯಕ್ಷರು. ಇಷ್ಟು ಪರೀಕ್ಷೆಗೆ ಸಾಕು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದಾವುದೂ ಅಲ್ಲ. 1956ರ ನವೆಂಬರ್ 1ರಂದು ರಾಜ್ಯಗಳು ಹೊಸದಾಗಿ ಆದವು, ಕಾಸರಗೋಡು ಕೇರಳಕ್ಕೆ ಹೋಯಿತು. ಗೋವಿಂದ ಪೈಗಳಿಗೆ ಆಗ 73. ಅವರು ಎಲ್ಲಿಗೂ ಹೋಗಲಿಲ್ಲ. ಗಡಿಯೇ ಬಂದು ಅವರ ಮನೆಯ ಉತ್ತರಕ್ಕೆ, ತಲಪಾಡಿಯಲ್ಲಿ ಕೂತಿತು. ಮುಂದಿನ ಏಳು ವರ್ಷ, 1963ರ ಸೆಪ್ಟೆಂಬರ್ 6ರವರೆಗೆ, ಕನ್ನಡದ ರಾಷ್ಟ್ರಕವಿ ಕೇರಳದ ಪ್ರಜೆ. ನಾವಾದರೆ ಗಡಿ ದಾಟಿ ಬಂದವರು, ಅವರನ್ನು ಗಡಿಯೇ ದಾಟಿ ಹೋಯಿತು. 1980ರಲ್ಲಿ ಮಂಜೇಶ್ವರದಲ್ಲಿ ಸರಕಾರಿ ಕಾಲೇಜು ಶುರುವಾಯಿತು. ಸರಕಾರ ಅಂದರೆ ತಿರುವನಂತಪುರದ ಸರಕಾರ. ಅದರ ಹಣೆಯ ಮೇಲಿರುವುದು ಕನ್ನಡ ಕವಿಯ ಹೆಸರು. ಗಡಿನಾಡಿನ ರಾಜಕೀಯದ ಲೆಕ್ಕ ಇದರಲ್ಲಿ ಇದ್ದೀತು, ಇರಲಿ. ಮಲಯಾಳಂ ನಾಡಿನ ಒಂದು ಅಂಕಪಟ್ಟಿ, ಒಂದು ಬಸ್ ಪಾಸು, ಒಂದು ಸೀಲು ಹೀಗೆ ಎಲ್ಲದರಲ್ಲೂ ಒಬ್ಬ ಕನ್ನಡ ಕವಿ ಸುಮ್ಮನೆ ಕೂತಿದ್ದಾನೆ. ನನ್ನಂಥವರು ಅವನನ್ನು ಮೂರಕ್ಷರಕ್ಕೆ ಇಳಿಸಿದ ಮೇಲೂ ಕೂತಿದ್ದಾನೆ.

ಮೊದಲಕ್ಷರಗಳ ಈ ಕಾಟ ನಮಗೆ ಹೊಸತಲ್ಲ. ಕುವೆಂಪು ಎಂಬುದೇ ಮೂರು ಮೊದಲಕ್ಷರ. ಅದು ಹೇಗೋ ಹೆಸರಿಗಿಂತ ದೊಡ್ಡ ಹೆಸರಾಯಿತು. ಎಲ್ಲರಿಗೂ ಆ ಭಾಗ್ಯವಿಲ್ಲ. ಮುದ್ದಣನ ಕತೆಯಂತೂ ಇನ್ನೂ ಬೇರೆ. ಉಡುಪಿಯಲ್ಲಿ ಮಕ್ಕಳಿಗೆ ವ್ಯಾಯಾಮ ಕಲಿಸುತ್ತಿದ್ದ ನಂದಳಿಕೆ ಲಕ್ಷ್ಮೀನಾರಣಪ್ಪನೇ ಈ ಮುದ್ದಣ. ತನ್ನ ‘ರಾಮಾಶ್ವಮೇಧ’ವನ್ನು ಯಾವುದೋ ಹಳೆಯ ಕವಿಯ ಕೃತಿ ಎಂಬಂತೆ ಮೈಸೂರಿಗೆ ಕಳಿಸಿದ. 31ರ ವಯಸ್ಸಿಗೆ, 1901ರಲ್ಲಿ ತೀರಿಕೊಂಡ. ತಾನೇ ಬರೆದೆ ಎಂದು ಹೇಳಿಕೊಳ್ಳಲಿಕ್ಕೂ ಅಂಜಿದ ಡ್ರಿಲ್ ಮಾಸ್ತರ! ಶಾಲೆಗೆ ಹೆಸರಿಡುವಾಗ ನನಗೆ ನೆನಪಾಗುವವರಲ್ಲಿ ಅವನೂ ಒಬ್ಬ. ಆದರೆ ಅವನನ್ನು ಎಳೆದು ತರುವುದು ಅವನಿಗೇ ಇಷ್ಟವಾಗುತ್ತಿತ್ತೋ ಇಲ್ಲವೋ.

ನಮ್ಮ 17 ಮಕ್ಕಳಲ್ಲಿ ಮನೆಯಲ್ಲಿ ಕನ್ನಡ ಆಡುವವರು ಆರೇ ಮಂದಿ. ಉಳಿದವರ ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಉರ್ದು, ಒಂದು ಮನೆಯಲ್ಲಿ ತೆಲುಗು. ಸೇರಿಸಲು ಬಂದಾಗ ನಿಮ್ಮಲ್ಲಿ ಎಷ್ಟೋ ಮಂದಿ ಬಾಗಿಲಲ್ಲೇ ನಿಂತು, ‘ಅಕ್ಕಾ, ನಮ್ಮದು ಮನೆಯಲ್ಲಿ ಬ್ಯಾರಿ, ಪರವಾಗಿಲ್ವಾ?’ ಎಂದು ಕೇಳಿದಿರಿ. ಬೇಂದ್ರೆಯವರ ಮನೆಮಾತು ಮರಾಠಿ. ಮಾಸ್ತಿಯವರದ್ದು ತಮಿಳು. ಗೋವಿಂದ ಪೈಗಳದ್ದು ಕೊಂಕಣಿ. ಕಾಸರಗೋಡಿನ ಮುಸ್ಲಿಂ ಮನೆಯಲ್ಲಿ 1936ರಲ್ಲಿ ಹುಟ್ಟಿದ ಸಾರಾ ಅಬೂಬಕ್ಕರ್ ಕನ್ನಡ ಶಾಲೆಗೆ ಹೋಗಿ ‘ಚಂದ್ರಗಿರಿಯ ತೀರದಲ್ಲಿ’ ಬರೆದರು. ಇವರೆಲ್ಲ ಬಾಗಿಲಲ್ಲಿ ನಿಂತು ‘ಪರವಾಗಿಲ್ವಾ’ ಎಂದು ಕೇಳಿದ್ದರೆ ಕನ್ನಡದ ಗತಿ ಏನಾಗುತ್ತಿತ್ತು! ನನಗೆ ಗೋವಿಂದ ಪೈ ಬೇಕೆನ್ನಿಸಲು ಇದೂ ಒಂದು ಕಾರಣ. ನೋಟ್‌ಬುಕ್ಕಿನ ಲೇಬಲ್ಲೇ ಆ ಪ್ರಶ್ನೆಗೆ ಉತ್ತರ ಹೇಳಿಬಿಡುತ್ತದೆ.

ಆದರೆ ದೊಡ್ಡ ಕಾರಣ ಹೋದ ತಿಂಗಳ ಒಂದು ಶನಿವಾರ. ಗೋವಿಂದ ಪೈಗಳದ್ದು ‘ಹೆಬ್ಬೆರಳು’ ಎಂದೊಂದು ನಾಟಕವಿದೆ, ಏಕಲವ್ಯನದ್ದು. ಅದರ ಕನ್ನಡ ಮಕ್ಕಳಿಗೆ ಕಷ್ಟ, ನನಗೂ ಕಷ್ಟ. ಹಾಗಾಗಿ ಓದಲಿಲ್ಲ, ಕತೆ ಹೇಳಿದೆ. ಮಣ್ಣಿನ ಗೊಂಬೆಯನ್ನು ಗುರು ಎಂದು ನಂಬಿ ಕಲಿತ ಹುಡುಗ, ಗುರುದಕ್ಷಿಣೆಗೆ ಹೆಬ್ಬೆರಳು ಕೇಳಿದ ಗುರು. ಕತೆ ಮುಗಿಯುವ ಮೊದಲೇ ಹತ್ತು ವರ್ಷದ ಒಬ್ಬ ಕೈ ಎತ್ತಿದ. ‘ಫೀಸು ಕಟ್ಟದ್ದಕ್ಕಾ?’ ಇಲ್ಲ, ಪಾಠವನ್ನೇ ಮಾಡಿರಲಿಲ್ಲ ಅಂದೆ. ‘ಪಾಠ ಮಾಡದೆ ಫೀಸು ಕೇಳಿದ್ರಾ?’ ಹಿಂದೆ ಕೂತ ಹುಡುಗಿ, ‘ಮತ್ತೆ ಅವ ಫೋನಲ್ಲಿ ಟೈಪ್ ಮಾಡುವುದು ಹೇಗೆ?’ ಅಂದಳು. ಎಲ್ಲರೂ ನಕ್ಕರು. ಆಗ, ಅಣ್ಣನಿಗೆ ಮೊನ್ನೆಯಷ್ಟೇ 15 ತುಂಬಿ ಎಮಿರೇಟ್ಸ್ ಐಡಿಗೆ ಬೆರಳಚ್ಚು ಕೊಟ್ಟು ಬಂದದ್ದನ್ನು ನೋಡಿದ್ದ ಚಿಕ್ಕವನೊಬ್ಬ ಗಂಭೀರವಾಗಿ ಹೇಳಿದ: ‘ಹೆಬ್ಬೆರಳು ಇಲ್ಲದಿದ್ದರೆ ಐಡಿ ಕೊಡುವುದಿಲ್ಲ.’ ಹಾಲಿನಲ್ಲಿ ಸದ್ದು ನಿಂತಿತು. ಐಡಿ ಇಲ್ಲದಿದ್ದರೆ ಏನಾಗುತ್ತದೆ ಎಂದು ಈ ಊರಿನ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಕಾಡಿನ ಆ ಹುಡುಗ ಒಂದೇ ನಿಮಿಷದಲ್ಲಿ ಇಂಟರ್‌ನ್ಯಾಷನಲ್ ಸಿಟಿಗೆ ಬಂದು ನಮ್ಮ ಕಾರ್ಪೆಟ್ಟಿನ ಮೇಲೆ ಕೂತಿದ್ದ. ಆಮೇಲೆ ಅವರು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ: ‘ಆಂಟಿ, ಆ ಟೀಚರನ್ನು ಯಾರೂ ಏನೂ ಮಾಡಲಿಲ್ಲವಾ?’

ಒಂದು ಶಾಲೆ ಲೇಖಕನ ಹೆಸರು ಯಾಕೆ ಇಟ್ಟುಕೊಳ್ಳಬೇಕು ಎಂದು ನೀವು ಕೇಳಬಹುದು. ನನಗೆ ಗೊತ್ತಿರುವ ಉತ್ತರ ಆ ಶನಿವಾರವೇ. ರಾಜನ ಹೆಸರಿಟ್ಟರೆ ಒಂದು ಫೋಟೊ ಸಿಗುತ್ತದೆ. ದಾನಿಯ ಹೆಸರಿಟ್ಟರೆ ಒಂದು ಕಲ್ಲು. ದೇವರ ಹೆಸರಿಟ್ಟರೆ ವರ್ಷಕ್ಕೊಂದು ಪೂಜೆ, ಚರುಪು ಹಂಚಿ ಮನೆಗೆ ಹೋಗಬಹುದು. ಲೇಖಕನ ಹೆಸರಿಟ್ಟರೆ ಹಾರ ಹಾಕಿ ಮುಗಿಸುವ ಹಾಗಿಲ್ಲ, ಅವನು ಬರೆದದ್ದು ಹಾಗೇ ಇರುತ್ತದೆ. ಯಾವ ಮಗುವಾದರೂ ನಮ್ಮನ್ನು ಕೇಳದೆ ಅದನ್ನು ತೆಗೆದು ಓದಬಹುದು. ಓದಿದರೆ, ಗುರುವೊಬ್ಬ ಶಿಷ್ಯನಿಗೆ ಮಾಡಿದ ಅನ್ಯಾಯ ಅದರಲ್ಲಿ ಸಿಗಬಹುದು. ಅದು ನನಗೇ, ಟೀಚರಿಗೇ, ತಿರುಗುತ್ತದೆ. ಶಾಲೆಯವರು ಇಷ್ಟು ಅಪಾಯವನ್ನು ತಾವಾಗಿ ಮನೆಯೊಳಗೆ ಕರೆದುಕೊಳ್ಳುವುದು ಲೇಖಕನ ಹೆಸರಿಟ್ಟಾಗ ಮಾತ್ರ. ಗೋವಿಂದ ಪೈಗಳು ಸುಮ್ಮನಿದ್ದವರೂ ಅಲ್ಲ. ಪದ್ಯದ ಪ್ರತಿ ಸಾಲಿನ ಎರಡನೇ ಅಕ್ಷರ ಪ್ರಾಸಕ್ಕೆ ಸರಿಹೊಂದಲೇಬೇಕು ಎಂಬ ಶತಮಾನಗಳ ಕಟ್ಟಳೆಯನ್ನು 1911ರಲ್ಲಿ ಕೈಬಿಟ್ಟವರು ಅವರು. ಕಟ್ಟಳೆ ಮುರಿದವನ, ಡಿಗ್ರಿ ಮುಗಿಸದವನ ಹೆಸರಿನ ಕಾಲೇಜು ನನಗೆ ಡಿಗ್ರಿ ಕೊಡಿಸಿತು!

ಇಂಥ ತಮಾಷೆಗಳು ನಮ್ಮಲ್ಲಿ ಇನ್ನೂ ಇವೆ. ಸುಳ್ಯ ತಾಲೂಕಿನ ಬೆಳ್ಳಾರೆಯ ಸರಕಾರಿ ಪ್ರಥಮ ದರ್ಜೆ ಕಾಲೇಜಿಗೆ ಶಿವರಾಮ ಕಾರಂತರ ಹೆಸರು. ಗಾಂಧೀಜಿ ಕರೆದರೆಂದು ಕಾಲೇಜು ಬಿಟ್ಟು ಹೋದವರು, ಪುತ್ತೂರಿನ ಬಾಲವನದಲ್ಲಿ ಮಕ್ಕಳಿಗೆ ಶಾಲೆಯಂತಲ್ಲದ ಶಾಲೆ ಮಾಡಲು ಹೊರಟವರು, ತುರ್ತು ಪರಿಸ್ಥಿತಿಯಲ್ಲಿ ಪದ್ಮಭೂಷಣವನ್ನು ಸರಕಾರಕ್ಕೇ ವಾಪಸು ಕೊಟ್ಟವರು, ಕೈಗಾ ಅಣುಸ್ಥಾವರ ಬೇಡವೆಂದು ಮುಪ್ಪಿನಲ್ಲಿ ಚುನಾವಣೆಗೆ ನಿಂತವರು. ಅವರ ಹೆಸರನ್ನು ಒಂದು ಸರಕಾರಿ ಕಾಲೇಜು ಹೊತ್ತಿದೆ. ಜರ್ಮನಿಯಲ್ಲಿ 1933ರ ಮೇ 10ರಂದು ಬರ್ಲಿನ್ನಿನ ಚೌಕದಲ್ಲಿ ಪುಸ್ತಕ ಸುಟ್ಟಾಗ, ತನ್ನ ಪುಸ್ತಕಗಳೂ ಬೆಂಕಿಗೆ ಬೀಳುವುದನ್ನು ಗುಂಪಿನ ನಡುವೆ ನಿಂತು ನೋಡಿದವನು ಎರಿಖ್ ಕೆಸ್ಟ್ನರ್, ಮಕ್ಕಳ ಕಾದಂಬರಿಕಾರ. ಈಗ ಆ ದೇಶದ ಎಷ್ಟೋ ಊರುಗಳಲ್ಲಿ ಅವನ ಹೆಸರಿನ ಶಾಲೆಗಳಿವೆ. ಅಷ್ಟು ದೂರ ಬೇಡ, ಅಬುಧಾಬಿಯ ಫ್ರೆಂಚ್ ಶಾಲೆಯೊಂದು ಲೂಯಿ ಮಾಸಿನ್ಯೊಂ ಹೆಸರಿನದು. ಸೂಫಿ ಹಲ್ಲಾಜನನ್ನು ಓದುವುದರಲ್ಲೇ ಬದುಕು ಕಳೆದ ವಿದ್ವಾಂಸ. ಫ್ರೆಂಚರು ಅರಬ್ಬರ ನೆಲದಲ್ಲಿ ಶಾಲೆ ಕಟ್ಟಿ, ಅರಬ್ಬಿಯನ್ನು ಪ್ರೀತಿಸಿದ ತಮ್ಮವನೊಬ್ಬನ ಹೆಸರು ಹುಡುಕಿದರು. ನಮ್ಮ ಕಟ್ಟಡದ ಫ್ರಾನ್ಸಿಗಿಂತ ಇದು ಬೇರೆ ಫ್ರಾನ್ಸ್.

ಇನ್ನು ನಿಮ್ಮ ನಿಮ್ಮ ಮಾತಿಗೆ ಬರುತ್ತೇನೆ. ಕುರ್ಚಿ ಕೊಡಿಸಿದವರ ತಾಯಿಯ ಹೆಸರಿನ ವಿಷಯ. ದಾನಿಯ ಹೆಸರನ್ನು ಕೀಳು ಎಂದು ನಾನು ಹೇಳಿದೆ ಅಂದುಕೊಳ್ಳಬೇಡಿ. ದೇರಾದ ಅಲ್ ರಾಸ್‌ನಲ್ಲಿ ಅಲ್ ಅಹ್ಮದಿಯಾ ಶಾಲೆ ಇದೆ, ಈಗ ವಸ್ತುಸಂಗ್ರಹಾಲಯ. 1912ರಲ್ಲಿ ಮುತ್ತಿನ ವ್ಯಾಪಾರಿ ಅಹ್ಮದ್ ಬಿನ್ ದಲ್ಮೂಕ್ ಅದಕ್ಕೆ ಕೈ ಹಾಕಿದ. ದುಬೈಯ ಮೊದಲ ಕ್ರಮಬದ್ಧ ಶಾಲೆ ಅದು, ಅವನ ಹೆಸರಲ್ಲೇ ಇದೆ. ಎಣ್ಣೆ ಸಿಗುವುದಕ್ಕೆ ಎಷ್ಟೋ ಮೊದಲು, ಸಮುದ್ರದ ತಳದಿಂದ ಎತ್ತಿ ತಂದ ದುಡ್ಡಿನಲ್ಲಿ ಮಕ್ಕಳಿಗೆ ಅಕ್ಷರ ಕಲಿಸಿದವನ ಹೆಸರಿಗೆ ಯಾರು ಹೆಸರಿಡುತ್ತಾರೆ! ಆದರೆ ನಮ್ಮಲ್ಲಿ ಬಂದದ್ದು ಎಂಟು ಪ್ಲಾಸ್ಟಿಕ್ ಕುರ್ಚಿ. ಆ ತಾಯಿಯವರ ಹೆಸರನ್ನು ಕುರ್ಚಿಯ ಬೆನ್ನಿಗೆ ನಾನೇ ನನ್ನ ಕೈಯಾರೆ ಬರೆಯುತ್ತೇನೆ, ಒಳ್ಳೆಯ ಅಕ್ಷರದಲ್ಲಿ.

ಪುನೀತ್ ಎಂದವರೇ, 2021ರ ಅಕ್ಟೋಬರ್ 29ರಂದು ನಾನೂ ಟಿವಿ ಮುಂದೆ ಕೂತು ಅತ್ತವಳು. ಮಕ್ಕಳಿಗೆ ಅವರು ಪರಿಚಯ, ನಾವು ಪರಿಚಯಿಸಬೇಕಾಗಿಲ್ಲ. ನನ್ನ ವಾದ ಅದೇ. ಗೊತ್ತಿರುವವರ ಹೆಸರಿಟ್ಟರೆ ‘ಯಾರು?’ ಎಂಬ ಪ್ರಶ್ನೆ ಬರುವುದೇ ಇಲ್ಲ.

ಕುವೆಂಪು, ಬೇಂದ್ರೆ, ಬಸವಣ್ಣ ಎಂದವರಿಗೆ ನಾನು ಇಲ್ಲ ಅನ್ನಲಾರೆ. ಮೂವರೂ ಬರೆದವರೇ. ಬೇಂದ್ರೆಯವರು ‘ನರಬಲಿ’ ಎಂಬ ಪದ್ಯಕ್ಕೆ ಜೈಲಿಗೆ ಹೋಗಿ, ಹೊರಗೆ ಬಂದ ಮೇಲೆ ಮಾಸ್ತರಿಕೆ ಸಿಗದೆ ಅಲೆದವರು; ಅವರ ಹೆಸರಿನ ಶಾಲೆ ಅಂದರೆ ಅದಕ್ಕೊಂದು ಖಾರವಿರುತ್ತದೆ. ಆದರೆ ನನ್ನ ಭಯ ಬೇರೆ. ಆ ಹೆಸರುಗಳು ಎಷ್ಟು ದೊಡ್ಡವೆಂದರೆ, ಇಟ್ಟ ಮೇಲೆ ಓದಬೇಕು ಎಂದು ಯಾರಿಗೂ ಅನ್ನಿಸುವುದಿಲ್ಲ. ರಸ್ತೆಗೆ ಇದೆ, ಬಡಾವಣೆಗೆ ಇದೆ, ಕುವೆಂಪು ಅವರಿಗೆ 1987ರಿಂದ ವಿಶ್ವವಿದ್ಯಾಲಯವೇ ಇದೆ. ನಮ್ಮ ಹಾಲು ಆ ಸಾಲಿನ ಕೊನೆಯಲ್ಲಿ ಹೋಗಿ ನಿಂತರೆ ಮತ್ತೆ ಅದು ಗಾರೆಯ ಫ್ರಾನ್ಸೇ.

ಹೆಸರೇ ಬೇಡ ಎಂದವರಿಗೆ ಯಾರೂ ಉತ್ತರ ಕೊಡದ್ದು ತಪ್ಪು. ಕನ್ನಡ ಮಿತ್ರರು ಇದೇ ದುಬೈಯಲ್ಲಿ 2014ರಿಂದ ನಡೆಸುತ್ತಿರುವ ದೊಡ್ಡ ಪಾಠಶಾಲೆಗೆ ‘ಕನ್ನಡ ಪಾಠಶಾಲೆ’ ಎಂದೇ ಹೆಸರು. ಯಾರ ಹಂಗೂ ಇಲ್ಲ. ಎಷ್ಟೋ ಮಕ್ಕಳು ಅಲ್ಲಿ ಒಂದು ದಿರ್ಹಮೂ ಕೊಡದೆ ಕಲಿತಿದ್ದಾರೆ; ನಮ್ಮಲ್ಲಿ ಕಾರು ಇರುವವರು ಈಗಲೂ ಕಳಿಸುತ್ತಾರೆ. ಹೆಸರಿಲ್ಲದೆ ಅಕ್ಷರ ಕಲಿಯಬಹುದು, ಅದರಲ್ಲಿ ಸಂಶಯವಿಲ್ಲ. ನನ್ನ ಮಾತು ಸೋತರೆ ನನ್ನ ಎರಡನೇ ಮತ ಅವರ ಮಾತಿಗೇ.

ಅಲ್ಲ, ಎರಡನೇ ಮತ ಪಂಜೆ ಮಂಗೇಶರಾಯರಿಗೆ. ಇದನ್ನು ಬರೆಯುತ್ತಾ ಬರೆಯುತ್ತಾ ನನಗೇ ಅಲುಗಾಟ ಶುರುವಾಗಿದೆ, ಮುಚ್ಚಿಡುವುದಿಲ್ಲ. ಗೋವಿಂದ ಪೈಗಳ ಕನ್ನಡ ನಮ್ಮ ಮಕ್ಕಳಿಗೆ ಎಟುಕುವುದಿಲ್ಲ ಎಂದು ನಿಮ್ಮಲ್ಲಿ ಒಬ್ಬರು ನನಗೆ ಬೇರೆಯಾಗಿ ಮೆಸೇಜು ಮಾಡಿದರು. ನಿಜ. ನಾನೇ ‘ವೈಶಾಖಿ’ಯನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಅರ್ಧಕ್ಕೆ ನಿಲ್ಲಿಸಿದವಳು. ಪಂಜೆಯವರು ಹಾಗಲ್ಲ. ಅವರೇ ಮಾಸ್ತರರು, ಶಾಲಾ ಇನ್‌ಸ್ಪೆಕ್ಟರರು. ಮಕ್ಕಳಿಗೆ ಓದಲು ಕನ್ನಡದಲ್ಲಿ ಏನೂ ಇಲ್ಲವಲ್ಲ ಎಂದು ತಾವೇ ಬರೆಯಲು ಕೂತವರು; 1934ರಲ್ಲಿ ರಾಯಚೂರು ಸಮ್ಮೇಳನದ ಅಧ್ಯಕ್ಷತೆ ಬಂದಾಗಲೂ ‘ಕವಿಶಿಷ್ಯ’ ಎಂದೇ ಹೆಸರಾಗಿದ್ದವರು. ಅವರ ‘ಸಿಗಡಿ ಯಾಕೆ ಒಣಗಲಿಲ್ಲ’ ಹೇಳಿದ ದಿನ ನಮ್ಮ ಹಾಲಿನಲ್ಲಿ ಒಬ್ಬರೂ ಬಾತ್‌ರೂಮಿಗೆ ಹೋಗಲು ಕೇಳಲಿಲ್ಲ. ನಿಮ್ಮಲ್ಲಿ ಪಾಠ ಮಾಡಿದವರಿಗೆ ಅದು ಎಂಥ ದಾಖಲೆ ಎಂದು ಗೊತ್ತು. ಆದರೆ ಸಿಗಡಿಯ ಕತೆ ಮುಗಿದಾಗ ಮಕ್ಕಳು ನಗುತ್ತಾ ಎದ್ದರು. ಹೆಬ್ಬೆರಳಿನ ಕತೆ ಮುಗಿದಾಗ ಏಳಲಿಲ್ಲ. ಇದರಲ್ಲಿ ಯಾವುದು ಶಾಲೆಗೆ ಬೇಕಾದದ್ದು ಎಂದು ಮೂರು ರಾತ್ರಿಯಿಂದ ಯೋಚಿಸುತ್ತಿದ್ದೇನೆ. ಗಂಡ ಮೊನ್ನೆ, ನಮ್ಮ ಮಗುವಿಗೆ ಹೆಸರಿಡುವಾಗಲೂ ಇಷ್ಟು ನಿದ್ದೆಗೆಟ್ಟಿರಲಿಲ್ಲ ಅಂದರು.

ಆದ್ದರಿಂದ ನನ್ನ ಸೂಚನೆ ಇಷ್ಟು. ಗುಂಪಿನಲ್ಲಿ ವೋಟು ಬೇಡ. ಬರುವ ಶನಿವಾರ ಪಾಠ ಮುಗಿದ ಮೇಲೆ, ಐದು ಗಂಟೆಗೆ, ಹೆಸರು ಸೂಚಿಸಿದವರು ಬನ್ನಿ. ನಿಮ್ಮ ಲೇಖಕರ ಎರಡೇ ಎರಡು ಪುಟ ಮಕ್ಕಳಿಗೆ ಓದಿ ಹೇಳಿ. ಅರ್ಥವಾಗದಿದ್ದರೆ ನನ್ನ ಹಾಗೆ ಕತೆ ಹೇಳಿ. ಆಮೇಲೆ ಮಕ್ಕಳು ಕೇಳುವ ಪ್ರಶ್ನೆಗಳಿಗೆ ಉತ್ತರ ಕೊಡಿ. ಗೂಗಲ್ ನೋಡುವ ಹಾಗಿಲ್ಲ. ಯಾರ ಪುಟಗಳಿಗೆ ಹೆಚ್ಚು ಪ್ರಶ್ನೆ ಬೀಳುತ್ತದೋ ಅವರ ಹೆಸರು. ಪುನೀತ್ ಪರವಾಗಿ ಬರುವವರು ಹಾಡಬಹುದು, ಆದರೆ ಕೆಳಗಿನ ಮನೆಯಲ್ಲಿ ರಾತ್ರಿ ಪಾಳಿಯ ಡ್ರೈವರ್ ಮಲಗಿರುತ್ತಾರೆ, ಮೆಲ್ಲಗೆ.

ಲೇಬಲ್ಲುಗಳನ್ನು ಡ್ರ್ಯಾಗನ್ ಮಾರ್ಟಿನಿಂದ ತಂದಿದ್ದೇನೆ, ನೂರರ ಕಟ್ಟು. ಎರಡು ಪುಟಕ್ಕೆ ಪುಸ್ತಕ ಸಿಗದವರು ಶುಕ್ರವಾರದೊಳಗೆ ಫೋನ್ ಮಾಡಿ. ‘ಗಿಳಿವಿಂಡು’ ಕೊಡಲಾರೆ, ಅದು ನನಗೇ ಬೇಕು. ಪಂಜೆಯವರದ್ದು ಕೊಡುತ್ತೇನೆ. ಸಿಗಡಿಯ ಪುಟಕ್ಕೆ ಯಾರೋ ಕರಕ್ ಚಹಾ ಚೆಲ್ಲಿದ್ದಾರೆ, ಓದಲು ಅಡ್ಡಿಯಿಲ್ಲ.

ಇತಿ,
ನಿಮ್ಮ ಮಕ್ಕಳ ಶನಿವಾರದ ಆಂಟಿ